ಮಾವನ ಬಾಯಲ್ಲಿ ಚಾಕೊಲೇಟ್ ಉಂಡೆ

“ಒಲೆ ಬೇಡ, ಓವನ್ ಬೇಡ, ನಿನ್ನ ಸಹಾಯವಂತೂ ಬೇಡವೇ ಬೇಡ! ಕೊಬ್ಬರಿ ಪುಡಿ, ಚಾಕೊಲೇಟು, ಗಟ್ಟಿ ಹಾಲು. ಕಲಸು, ಉಂಡೆ ಕಟ್ಟು, ಫ್ರಿಜ್‌ನಲ್ಲಿಡು. ಮುಗೀತು!”

ಹೀಗೆಂದು ಅಡುಗೆಮನೆಯಲ್ಲಿ ಗುಡುಗಿದವರು ಹಲ್ಲಿನ ಡಾಕ್ಟರು. ಊರಿಗೆಲ್ಲ ‘ಸಿಹಿ ಮುಟ್ಟಬೇಡಿ’ ಎಂದು ಬೋಧಿಸುವ ಮಹಾಶಯರು ಅಂದು ತೋಳೇರಿಸಿದ್ದಕ್ಕೆ ಕಾರಣ ಮಾವ. ಮಗಳ ಮದುವೆಗೆ ಒಪ್ಪದೆ ಮುಖ ಗಂಟುಹಾಕಿಕೊಂಡಿದ್ದ ಆ ನಿವೃತ್ತ ಪೊಲೀಸ್ ಅಧಿಕಾರಿ ಸಂಜೆ ಮೊಟ್ಟಮೊದಲ ಬಾರಿ ಮನೆಗೆ ಬರುವವರಿದ್ದರು.

ಹಾಲು ಜಾಸ್ತಿಯಾಯಿತು. ಮಿಶ್ರಣ ಗೋಡೆಗೆ ಬಳಿಯುವ ಸುಣ್ಣದಂತೆ ಜಾರತೊಡಗಿತು. ಡಾಕ್ಟರು ಗುಟ್ಟಾಗಿ ಒಲೆ ಹಚ್ಚಿ, ಸಕ್ಕರೆ ಪಾಕ ಕಾಸಿ ಸುರಿದರು. ಪಾಕ ಏರಿದ್ದು ಗೊತ್ತಾಗಲಿಲ್ಲ.

“ರೀ, ಸ್ಪೂನು ಬಗ್ತಾ ಇದೆ!” ಹೆಂಡತಿ ಹೌಹಾರಿದಳು.

“ಸ್ಪೂನಿನ ಕ್ವಾಲಿಟಿ ಸರಿಯಿಲ್ಲ ಕಣೇ!”

ಹೇಗೋ ಉಂಡೆ ಕಟ್ಟಿ ಫ್ರಿಜ್‌ನಲ್ಲಿಟ್ಟರು. ಸಂಜೆ ಕರೆಗಂಟೆ ಮೊಳಗಿತು. ಮಾವ ಬಂದರು, ಕೂತರು, ನಗಲಿಲ್ಲ. ಹೆಂಡತಿ ಬೇಡ ಬೇಡವೆಂದು ಕಣ್ಸನ್ನೆ ಮಾಡುವಷ್ಟರಲ್ಲೇ ತಟ್ಟೆ ಮುಂದೆ ಹೋಗಿತ್ತು, ಉಂಡೆ ಬಾಯಿಗೆ ಹೋಗಿತ್ತು.

ಕಟ್!

ಮಾವನ ದವಡೆ ನಿಂತಿತು. ಕಣ್ಣು ಅಗಲವಾಯಿತು.

“ಹಹ್ಹು...” ಎಂದರು.

ಡಾಕ್ಟರಿಗೆ ತಟ್ಟನೆ ಅರ್ಥವಾಯಿತು. ಹಲ್ಲು! ಹೋದ ತಿಂಗಳು ನೋವು ತಾಳಲಾರದೆ ಕ್ಲಿನಿಕ್ಕಿಗೆ ಬಂದಿದ್ದ ಮಾವನ ಹಲ್ಲಿನ ಮೇಲೆ ತಾವೇ ಕೂರಿಸಿದ್ದ ಲೋಹದ ಕ್ಯಾಪು!

“ನುಂಗಬೇಡಿ! ಮುಂದಕ್ಕೆ ಬಗ್ಗಿ! ಮೂಗಲ್ಲಿ ಉಸಿರಾಡಿ!”

ಮಾವ ಕೆಮ್ಮಿದರು. ಮುಖ ಕೆಂಪೇರಿತು. ಶ್ವಾಸನಾಳಕ್ಕೆ ಇಳಿದರೆ? ಸಾವಿರ ಬಾಯಿ ನೋಡಿದ್ದ ಡಾಕ್ಟರು ಟಾರ್ಚು ಹಿಡಿದು ಇದೊಂದು ಬಾಯಿಯೊಳಗೆ ಇಣುಕಿದರು.

“ಅಪ್ಪಂಗೇನಾದ್ರೂ ಆದ್ರೆ...” ಹೆಂಡತಿ ಮಾತು ಮುಗಿಸಲಿಲ್ಲ. ಮುಗಿಸಿದ್ದರೇ ವಾಸಿಯಿತ್ತು.

“ಕ್ಯಾಕ್!” ಕೊನೆಗೂ ಉಂಡೆ ಡಾಕ್ಟರ ಅಂಗೈಗೆ ಬಿತ್ತು. ಅದರ ನಡುವೆ ಕ್ಯಾಪು ಫಳಫಳ ಹೊಳೆಯುತ್ತಿತ್ತು!

ಡಾಕ್ಟರು ಕುರ್ಚಿಗೆ ಕುಸಿದರು. ಜೀವ ಬಂತು, ಮಾನ ಬರಲಿಲ್ಲ. ಕ್ಯಾಪನ್ನಾದರೂ ಬಿಡಿಸೋಣವೆಂದು ಉಗುರಿನಿಂದ ಕೆರೆದರು, ಚಾಕುವಿನಿಂದ ಮೀಟಿದರು, ಬಿಸಿನೀರಲ್ಲಿ ಅದ್ದಿದರು. ಊಹೂಂ!

ಎಲ್ಲವನ್ನೂ ನೋಡುತ್ತ ಕೂತಿದ್ದ ಮಾವ ನೀರು ಕುಡಿದು, ಮೀಸೆ ಒರೆಸಿಕೊಂಡು, ಜೀವಮಾನದಲ್ಲಿ ಮೊದಲ ಸಲ “ಅಳಿಯಂದಿರೇ” ಎಂದು ಕರೆದರು.

“ಕ್ಲಿನಿಕ್ಕಲ್ಲಿ ನೀವು ಅಂಟಿಸಿದ್ದು ತಿಂಗಳೊಳಗೇ ಕಿತ್ಕೊಂಡು ಬಂತು. ಮನೇಲಿ ಮಾಡಿದ್ದು ನೋಡಿ, ಬಿಡ್ತಾನೇ ಇಲ್ಲ! ಸುಮ್ನೆ ಯಾಕೆ ಕಷ್ಟಪಡ್ತೀರಿ? ಈ ಸಲ ಇದ್ರಲ್ಲೇ ಅಂಟಿಸಿಬಿಡಿ.”