ಅನುಮತಿ ಬೇಡ ಅಂದವನ ಫಜೀತಿ

ನಮ್ಮ ಸೀಮೆಯಲ್ಲಿ ಏನನ್ನಾದರೂ ಪುಕ್ಕಟೆ ಕೊಟ್ಟು ನೋಡಿ, ಕೊಟ್ಟವನ ಮೇಲೇ ಅನುಮಾನ ಶುರುವಾಗುತ್ತೆ. ನನಗಂತೂ ಇದು ಒಂದು ಸಲವೂ ತಪ್ಪಿಲ್ಲ.

ನಾನು ಮೊಳಕಾಲ್ಮೂರಿನ ಕಡೆ ಶಾಲಾ ಮೇಷ್ಟ್ರು. ಹಳ್ಳಿಯವರು ಆಡಲಿ ಅಂತ ಒಂದು ನಾಟಕ ಬರೆದೆ. ಕುಡುಕ ಗಂಡ ಹೆಂಡತಿಗೆ ಮನೆ ಬಿಟ್ಟು ಹೋಗು ಅಂತಾನೆ. ಅವಳು, "ಈ ಹೊಸ್ತಿಲು ಸಾರಿಸಿದೋಳು ನಾನು. ಹೋಗೋನು ನೀನು" ಅಂತಾಳೆ. ಅದು ನಮ್ಮವ್ವ ನಮ್ಮಪ್ಪನಿಗೆ ಅಂದ ಮಾತು.

ನಾಟಕದ ಪುಸ್ತಕ ಅಂದಮೇಲೆ "ಆಡುವವರು ಕವಿಗಳ ಅನುಮತಿ ಪಡೆಯತಕ್ಕದ್ದು" ಅನ್ನೋ ಸಾಲು ಇದ್ದೇ ಇರುತ್ತೆ. ನಮಗೆ ಆಗಷ್ಟೇ ಕಂಪ್ಯೂಟರ್ ತರಬೇತಿ ಆಗಿತ್ತು. ಕೆಲವರು ತಾವು ಮಾಡಿದ ಸಾಫ್ಟ್‌ವೇರನ್ನ ಯಾರು ಬೇಕಾದರೂ ನಕಲು ಮಾಡಲಿ, ತಿದ್ದಲಿ ಅಂತ ಬಿಟ್ಟುಕೊಡ್ತಾರಂತೆ. ಕೇಳಿ ನನಗೂ ಹುಕಿ ಬಂತು. "ಅನುಮತಿ ಬೇಡ. ಆಡಿ, ಅಚ್ಚು ಹಾಕಿ, ತಿದ್ದಿ. ಬರೆದವನ ಹೆಸರು ಮಾತ್ರ ತೆಗೆಯಬೇಡಿ" ಅಂತ ಬರೆದೆ. ನನಗೆ ಬೇಕಿದ್ದದ್ದು ಹೆಸರೊಂದೇ.

ಪ್ರೆಸ್ಸಿನಲ್ಲಿ

ಚಳ್ಳಕೆರೆಯ ಪ್ರೆಸ್ಸಿನಿಂದ ಪುಸ್ತಕ ಬಂತು. ನನ್ನ ಸಾಲಿನ ಕೆಳಗೇ "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಅಂತ ದಪ್ಪಕ್ಷರದಲ್ಲಿ! ಓಡಿದೆ.

"ಇದನ್ನ ಯಾಕ್ರೀ ಹಾಕಿದ್ರಿ?"

ಪ್ರೆಸ್ಸಿನವನು ನಕ್ಕ. "ನಿಮ್ ಸಾಲು ಬಾಳ ಚೆನ್ನಾಗೈತೆ ಸಾರ್. ಯಾರಾನ ಕದ್ದುಬಿಟ್ಟಾರು ಅಂತ ಹಾಕಿದೆ."

ಕೂತು ಒಂದೊಂದು ಪ್ರತಿಯಲ್ಲೂ ಅವನು ಹಾಕಿದ ಸಾಲನ್ನ ಪೆನ್ನಿನಿಂದ ಹೊಡೆದುಹಾಕಿದೆ.

ವೀಳ್ಯದೆಲೆ ತಂದವರು

ದೇವಸಮುದ್ರದ ಕಡೆಯಿಂದ ಮೂರು ಜನ ಹಿರಿಯರು ತೆಂಗಿನಕಾಯಿ, ವೀಳ್ಯದೆಲೆ ಸಮೇತ ಬಂದರು. "ಅನುಮತಿ ಕೊಡ್ರಿ ಕವಿಗಳೇ."

"ಬೇಡ ಅಂತ ಪುಸ್ತಕದಲ್ಲೇ ಐತಲ್ರಿ."

ಹಿರಿಯರ ಮುಖ ಸಪ್ಪಗಾಯಿತು. "ಪಕ್ಕದೂರೋರು ಅವರ ಕವೀನ ಕಾಡಿ ಬೇಡಿ ಒಪ್ಪಿಸ್ಯಾರೆ. ನಾವು ಹೇಳೋರು ಕೇಳೋರು ಇಲ್ಲದ ನಾಟಕ ಆಡಿದ್ರೆ ಮಾನ ಉಳೀತೈತಾ? ಒಂದ್ಸಲ ಆಗಲ್ಲ ಅನ್ರಿ ಸಾರ್."

ಆಗಲ್ಲ ಅಂದೆ. ಕೈಮುಗಿದರು, ಬೇಡಿಕೊಂಡರು. ಒಪ್ಪಿದೆ. ಹೋಗುವಾಗ ಒಬ್ಬ ಇನ್ನೊಬ್ಬನಿಗೆ, "ಬಾಳ ಗಟ್ಟಿ ಮನುಷ್ಯ ಕಣ್ಲೇ, ಅಷ್ಟು ಸುಲಭಕ್ಕೆ ಬಗ್ಗಲಿಲ್ಲ" ಅಂದ.

ಹಾರ್ಮೋನಿಯಂ ಮೇಷ್ಟ್ರು

ದೇವಸಮುದ್ರದ ಕಡೆಯವರಿಗೆ ನಾಟಕ ಕಲಿಸಿದವನು ಒಬ್ಬ ಹಾರ್ಮೋನಿಯಂ ಮೇಷ್ಟ್ರು. ನೋಡೋಕೆ ಹೋದೆ. ಕೊನೆಯಲ್ಲಿ ಹೆಂಡತಿ ಕುಡುಕನ ಕಾಲಿಗೆ ಬಿದ್ದು "ಕ್ಷಮಿಸಿ ಸ್ವಾಮೀ" ಅಂತ ಹಾಡೋದೇ! ಗೋಡೆಯ ಪೋಸ್ಟರಿನಲ್ಲಿ ಬರೆದವರ ಹೆಸರು ಅಂತ ಹಾರ್ಮೋನಿಯಂ ಮೇಷ್ಟ್ರದೇ. ಹೋಗಿ ಅವನನ್ನೇ ಕೇಳಿದೆ.

"ತಿದ್ದಬಹುದು ಅಂತ ನೀವೇ ಬರ್ದಿದೀರಿ" ಅಂದ.

"ಹೆಸರು ತೆಗೀಬ್ಯಾಡ ಅಂತಾನೂ ಬರ್ದಿದೀನಲ್ಲ!"

"ಇಂಥಾ ಕೊನೆಗೆ ನಿಮ್ಮ ಹೆಸರು ಹಾಕಿದ್ರೆ ಯಾರಿಗೆ ಅವಮಾನ? ನಿಮ್ ಮರ್ವಾದೆ ಉಳಿಸೀನಿ ಸಾರ್."

ಮೈಕಿನಲ್ಲಿ ನನ್ನ ಹೆಸರು

ಆಮೇಲೆ ಪರಶುರಾಂಪುರದ ಹತ್ತಿರದ ಊರಿನವರು ಒಂದು ಮಾತೂ ಬದಲಾಯಿಸದೆ ಆಡ್ತಾರೆ, ಹೆಸರನ್ನೂ ಹೇಳ್ತಾರೆ ಅಂತ ಸುದ್ದಿ ಬಂತು. ಅವ್ವನ್ನ ಬಸ್ಸು ಹತ್ತಿಸಿಕೊಂಡು ಹೋದೆ. ಮಗನ ಹೆಸರು ಅವಳ ಕಿವಿಗೆ ಒಂದು ಸಲವಾದರೂ ಬೀಳಲಿ ಅಂತ.

ಹೆಸರೇನೋ ಬಂತು. "ಈ ನಾಟಕ ಬರೆದ ದಿವಂಗತ..." ಅಂತ ನನ್ನ ಹೆಸರು ಹೇಳಿ, ಒಂದು ನಿಮಿಷ ಮೌನ ಅಂದರು. ಜನವೆಲ್ಲ ಎದ್ದು ನಿಂತಿತು. ಅವ್ವನಿಗೆ ಕಿವಿ ಮಂದ, ಹೆಸರು ಕೇಳಿಸಲಿಲ್ಲ.

"ಯಾರೋ ತೀರ್ಕಂಡಿದ್ದು?"

"ನಾನೇ ಕಣವ್ವಾ."

"ಮುಚ್ಚೋ ಬಾಯಿ. ಜನ ಕೈಮುಗಿದು ನಿಂತಾರೆ, ನಿಂಗೆ ಹುಡುಗಾಟ."

ವೇದಿಕೆಯ ಹಿಂದಕ್ಕೆ ಹೋಗಿ ನಾಟಕದ ಸಂಘದ ಕಾರ್ಯದರ್ಶಿಯನ್ನ ಹಿಡಿದೆ. "ನಾನು ಬದುಕಿದೀನ್ರಿ!"

"ಅನುಮತಿ ಬ್ಯಾಡ ಅಂತ ಬರ್ದೈತಲ್ರಿ. ಉಸಿರಿರೋ ಕವಿ ಹಂಗೆ ಬರೀತಾನಾ? ಈಗ ಮೈಕಲ್ಲಿ ಹೇಳಿ ಆತು. ನಾಟಕ ಮುಗಿಯಗಂಟ ಸುಮ್ನೆ ಕುಂದ್ರಿ."

ಬಂದು ಕೂತೆ. ಕೊನೆಗೆ ಆ ಹೊಸ್ತಿಲಿನ ಮಾತು ಬಂತು, ಅವ್ವನಿಗೂ ಕೇಳುವಷ್ಟು ಜೋರಾಗಿ, ಅವಳು ಅಂದಂತೆಯೇ. ಚಪ್ಪಾಳೆಯೋ ಚಪ್ಪಾಳೆ. ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು ಅವ್ವನ ಕಿವಿಯ ಹತ್ತಿರ, "ಎಂಥಾ ಮಾತು ಬರ್ದವ್ನೆ! ಪಾಪ, ಸತ್ತೋದ" ಅಂದಳು.

ಅವ್ವ ಸಿಡಿದಳು. "ಅವನೇನು ಬರ್ದ? ಅಂದೋಳು ನಾನು!" ಆಮೇಲೆ ನನ್ನ ಕಡೆ ತಿರುಗಿ, "ಲೇ, ಯಾರ ಅನುಮತೀನೂ ಬ್ಯಾಡ ಅಂತ ಊರಿಗೆಲ್ಲ ಬರ್ಕೊಟ್ಟಿದೀಯಲ್ಲ, ನನ್ನ ಕೇಳಿದ್ಯಾ?" ಅಂದಳು.

ದಿವಂಗತನಾದ ನಾನು ಎದ್ದು, ತೆಂಗಿನಕಾಯಿ, ವೀಳ್ಯದೆಲೆ ಹುಡುಕಿಕೊಂಡು ಹೊರಟೆ.