ಅಜ್ಜಿಯ ಬಿಲ್ಲೆ ಹಲಗೆ

ಜಾಲಹಳ್ಳಿಯ ನಮ್ಮ ಬಡಾವಣೆಯಲ್ಲಿ ಎರಡು ಕಾರ್ಖಾನೆಗಳಿದ್ದವು. ಒಂದು ಸರ್ಕಾರದ್ದು, ಇನ್ನೊಂದು ನಮ್ಮಜ್ಜಿಯದು. ಸರ್ಕಾರದ ಕಾರ್ಖಾನೆಗೆ ತಡವಾಗಿ ಹೋದರೆ ಅರ್ಧ ದಿನದ ರಜೆ ಬೀಳುತ್ತಿತ್ತು. ಅಜ್ಜಿಯ ಕಾರ್ಖಾನೆಗೆ ತಡವಾಗಿ ಬಂದರೆ ಅಜ್ಜಿಯ ಹೊಟ್ಟೆಗೆ ಅನ್ನ ಬೀಳುತ್ತಿರಲಿಲ್ಲ! ಎರಡರಲ್ಲಿ ನಾವು ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೆವು ಅಂತ ಬೇರೆ ಹೇಳಬೇಕೆ?

ತಪ್ಪೆಲ್ಲ ನಮ್ಮಜ್ಜನದು. ದಾವಣಗೆರೆ ಕಡೆಯಿಂದ ಬಂದು ಇಲ್ಲಿ ಫಿಟ್ಟರ್ ಆದ ಅವರು, ಹೊಸ ಹೆಂಡತಿಯ ಮುಂದೆ ಜಂಬ ಕೊಚ್ಚುತ್ತಾ ಕಾರ್ಖಾನೆಯ ಗೇಟಿನ ಪದ್ಧತಿ ವಿವರಿಸಿದ್ದರಂತೆ. ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ. ಒಳಗೆ ಬಂದಾಗ ಅದನ್ನು ಹಲಗೆಯ ಮೊಳೆಗೆ ನೇತುಹಾಕಬೇಕು, ಹೊರಡುವಾಗ ತೆಗೆಯಬೇಕು. ಹಲಗೆ ನೋಡಿದರೆ ಸಾಕು, ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. "ಅಂಗಾರೆ ನಮ್ಮನೇಗೂ ಒಂದು ಹಲಗೆ ಮಾಡ್ಕೊಡ್ರಿ" ಅಂದಳಂತೆ ಅಜ್ಜಿ. ಅಜ್ಜ ತಮಾಷೆ ಅಂದುಕೊಂಡರು. ಪಾಪ, ಮದುವೆಯಾಗಿ ಆಗಿನ್ನೂ ಮೂರೇ ತಿಂಗಳು, ಅವರಿಗೇನು ಗೊತ್ತು!

ನಾನು ಕಣ್ಣು ಬಿಡುವ ಹೊತ್ತಿಗೆ ಆ ಹಲಗೆ ನಮ್ಮ ಕ್ವಾರ್ಟರ್ಸಿನ ಬಾಗಿಲ ಪಕ್ಕ ದೇವರ ಪಟಕ್ಕಿಂತ ಭದ್ರವಾಗಿ ಕೂತಿತ್ತು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಮಾಡಿದ ಬಿಲ್ಲೆಗಳು. ಅಜ್ಜಿಗೆ ಓದುಬರಹ ಬಾರದು, ಹಾಗಾಗಿ ಅಂಕಿಯ ಬದಲು ಗೀಟು. ಅಪ್ಪನಿಗೆ ಒಂದು ಗೀಟು, ಚಿಕ್ಕಪ್ಪನಿಗೆ ಎರಡು, ಅಮ್ಮನಿಗೆ ಮೂರು, ನನಗೆ ನಾಲ್ಕು. ಅಜ್ಜ ಯಜಮಾನರಲ್ಲವೇ, ಅವರದಕ್ಕೆ ಗೀಟೇ ಇಲ್ಲ. ಹೊರಗೆ ಹೋಗುವವರ ಬಿಲ್ಲೆ ಕೆಳಗಿನ ಡಬ್ಬಿಗೆ. ಸಂಜೆ ಎಲ್ಲ ಬಿಲ್ಲೆಗಳೂ ಮೊಳೆಗೆ ಬಿದ್ದ ಮೇಲೆಯೇ ಅಜ್ಜಿಯ ತಟ್ಟೆಗೆ ರೊಟ್ಟಿ.

"ಹಸಿವಾಗಲ್ವಾ ಅಜ್ಜಿ?" ಅಂದರೆ, "ಹೊರಗಿರೋವು ಉಂಡಾವೋ ಇಲ್ಲೋ, ನಂದೇನೇ ಹಸಿವು?" ಅನ್ನುತ್ತಿದ್ದಳು.

ಅಪ್ಪ ಅದೇ ಕಾರ್ಖಾನೆಯಲ್ಲಿ ಫೋರ್‌ಮನ್. ಅವರು ಕೆಮ್ಮಿದರೆ ಇಡೀ ಶಾಪು ಎದ್ದು ನಿಲ್ಲುತ್ತಿತ್ತಂತೆ. ಅಂಥವರು ಒಂದು ಬೆಳಿಗ್ಗೆ ಬಿಲ್ಲೆಯನ್ನು ಡಬ್ಬಿಗೆ ಹಾಕುವ ಬದಲು ಜೇಬಿಗೆ ಹಾಕಿಕೊಂಡು ಹೋದರು. ಸಂಜೆ ಬಂದು ಷರಟು ಕಳಚಿದರು. ಅಮ್ಮ ಅದನ್ನು ಲಾಂಡ್ರಿಗೆ ಕೊಟ್ಟುಬಿಟ್ಟರು. ಊಟದ ಹೊತ್ತಿಗೆ ಅಜ್ಜಿ ಹಲಗೆ ನೋಡಿ ಕೈಕಟ್ಟಿ ಕೂತಳು.

"ಅವ್ವಾ, ನಾನು ನಿನ್ನ ಎದುರಿಗೇ ಕೂತಿದ್ದೀನಲ್ಲ!"

"ನೀನು ಬಂದೀಯ. ನಿನ್ನ ಬಿಲ್ಲೆ ಬಂದಿಲ್ಲ."

ಫೋರ್‌ಮನ್ ಸಾಹೇಬರು ಬನಿಯನ್ನಿನಲ್ಲೇ ಸೈಕಲ್ ಹತ್ತಿ ಲಾಂಡ್ರಿಗೆ ಹೊರಟರು. ದಾರಿಯಲ್ಲಿ ಅವರ ಕೈಕೆಳಗಿನವರು ನಾಲ್ಕು ಜನ ಸಿಕ್ಕಿ, "ಏನ್ ಸಾರ್, ಹಿಂಗೆ?" ಅಂದರಂತೆ. ಮಾರನೆಯ ದಿನ ಅಪ್ಪ ಶಾಪಿನಲ್ಲಿ ಕೆಮ್ಮಲೇ ಇಲ್ಲ.

ಅಜ್ಜ ತೀರಿಕೊಂಡಾಗ ನಾನು ಚಿಕ್ಕವಳು. ನೋಡಿದಾಗೆಲ್ಲ ಸಂಕಟ, ಆ ಬಿಲ್ಲೆ ತೆಗೆದುಬಿಡಿ ಅಂತ ಬಂಧುಗಳು ಹೇಳಿದರು. ಅಜ್ಜಿ ಒಪ್ಪಲಿಲ್ಲ. "ಯಾಕೆ ತೆಗೀಬೇಕು? ಅವರು ಇನ್ನೆಲ್ಲಿಗೂ ಹೋಗಾಂಗಿಲ್ಲ. ಒಳಗೇ ಅವ್ರೆ" ಅಂದವಳೇ ಹಿಟ್ಟು ನಾದಲು ಹೋದಳು. ಆ ಗಟ್ಟಿತನ ಎಲ್ಲಿಂದ ಬಂತೋ! 

ಇಂಥವಳಿಗೆ ನಾನೊಮ್ಮೆ ಮೋಸ ಮಾಡಿದೆ. ಆಗ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಕಲಿಯುತ್ತಿದ್ದೆ. ದಾಸರಹಳ್ಳಿಯಲ್ಲಿ ಹೊಸದಾಗಿ ಗೋಬಿ ಮಂಚೂರಿ ಗಾಡಿ ಬಂದಿತ್ತು. "ಸಕ್ಕತ್ತಾಗಿದೆ, ಬಾರೇ" ಅಂತ ಗೆಳತಿ ಕರೆದಳು. ಮನೆಗೆ ಬಂದೆ, ಬಿಲ್ಲೆ ನೇತುಹಾಕಿದೆ, ಹಿತ್ತಿಲ ಬಾಗಿಲಿಂದ ಜಾರಿಕೊಂಡೆ! ಹಿಂತಿರುಗಿ ಬಂದಾಗ ಅಜ್ಜಿ ಉಂಡು ತಟ್ಟೆ ತೊಳೆಯುತ್ತಿದ್ದಳು.

"ಏನೇ, ತುಟಿಯೆಲ್ಲಾ ಕೆಂಪಗೈತೆ?"

ಸಿಕ್ಕಿಬಿದ್ದೆ. ಬೈಗುಳಕ್ಕೆ ಕಾದು ನಿಂತೆ. ಅಜ್ಜಿ ಕೈಯಲ್ಲಿದ್ದ ತಟ್ಟೆ ನೋಡುತ್ತಾ, "ನೀನು ಹೊರಗಿದ್ದಾಗ ನಾನು ಉಂಡ್ಬಿಟ್ಟೆನಲ್ಲೇ" ಅಂದಳು, ಅಷ್ಟೇ. ಮಾರನೆಯ ದಿನ ಒಪ್ಪತ್ತು ಮಾಡಿದಳು. ತಪ್ಪು ನನ್ನದು, ಒಪ್ಪತ್ತು ಅವಳದು! ನಾಚಿಕೆಯಿಂದ ಸತ್ತುಹೋದೆ. ಮತ್ತೆಂದೂ ಹಾಗೆ ಮಾಡಲಿಲ್ಲ.

ಎಂಬತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಅಜ್ಜಿಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಹೋಗಲು ಆಟೋ ಬಂದು ನಿಂತಿತು. ಹೊಸ್ತಿಲ ಮೇಲೆ ಅಜ್ಜಿ ಹಲಗೆ ಹಿಡಿದು ನಿಂತುಬಿಟ್ಟಳು.

"ನನ್ನ ಬಿಲ್ಲೆ ಎಲ್ಲೈತೆ?"

ನಾವು ಮುಖ ಮುಖ ನೋಡಿಕೊಂಡೆವು. ಅವಳಿಗೆ ಬಿಲ್ಲೆಯೇ ಇರಲಿಲ್ಲ! ಸಂತೆಗೋ ಮಠಕ್ಕೋ ನಾವು ಹೊರಗಿರುವಾಗ ಹೋಗಿ, ನಾವು ಬರುವ ಮೊದಲೇ ಬಂದಿರುತ್ತಿದ್ದಳು. ಹಾಗಾಗಿ ನಮ್ಮ ಪಾಲಿಗೆ ಅವಳು ಸದಾ ಒಳಗೇ. ಇಷ್ಟು ವರ್ಷ ಎಲ್ಲರ ಬಿಲ್ಲೆ ಕಾದವಳಿಗೂ ಒಂದು ಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಪ್ಪ ತಲೆ ತಗ್ಗಿಸಿದರು.

"ಹೋಗ್ಲಿ ಬಿಡೋ, ಬಂದ್ಮೇಲೆ ಮಾಡ್ಕೊಡೀವಂತೆ" ಅಂತ ನಕ್ಕು ಆಟೋ ಹತ್ತಿದಳು. ನಾಲ್ಕನೆಯ ದಿನ ಆಸ್ಪತ್ರೆಯಲ್ಲೇ ತೀರಿಕೊಂಡಳು.

ಮಣ್ಣು ಮಾಡಿ ಬಂದ ಸಂಜೆ, ಅಭ್ಯಾಸಬಲದಿಂದ ಒಬ್ಬೊಬ್ಬರೇ ಬಿಲ್ಲೆ ನೇತುಹಾಕಿದೆವು. ಪಕ್ಕದ ಮನೆಯವರು ಅಡುಗೆ ತಂದಿಟ್ಟಿದ್ದರು. ಯಾರೂ ತಟ್ಟೆಯ ಹತ್ತಿರ ಹೋಗಲಿಲ್ಲ. ಅಪ್ಪ ಎದ್ದು, ಅಜ್ಜನ ಕಾಲದ ಕತ್ತರಿ ಹುಡುಕಿ, ಹಿತ್ತಿಲಲ್ಲಿದ್ದ ಎಣ್ಣೆ ಡಬ್ಬದ ತಗಡನ್ನು ದುಂಡಗೆ ಕತ್ತರಿಸಿದರು. ಅಂಚು ಉಜ್ಜಿ ನುಣುಪು ಮಾಡಿದರು.

"ಎಷ್ಟು ಗೀಟು ಹಾಕ್ತೀರಪ್ಪಾ?" ಅಂತ ಕೇಳಿದೆ.

ಅಪ್ಪ ಗೀಟೇ ಹಾಕಲಿಲ್ಲ. ಅಜ್ಜನ ಬಿಲ್ಲೆಯಿದ್ದ ಮೊಳೆಗೇ ಅದನ್ನೂ ನೇತುಹಾಕಿದರು. ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ಅವ್ವ ಬಂದ್ಲು. ಇನ್ನು ಬಡಿಸು" ಅಂದರು.