ಮಗಳ ರಾಕ್ ಹಾಡಿಗೆ ನಾನು ಕ್ಯಾಮೆರಾ ಹಿಡಿದದ್ದು

ಮೈಸೂರಿನ ನಮ್ಮ ಅಗ್ರಹಾರದಲ್ಲಿ ಮದುವೆ ವಿಡಿಯೋ ಬೇಕಾದವರು ಮೊದಲು ನನ್ನ ಸ್ಟುಡಿಯೋಗೇ ಬರುತ್ತಾರೆ. ಇದನ್ನು ಜಂಭದಿಂದ ಹೇಳುತ್ತಿಲ್ಲ. ಇನ್ನೊಂದು ಸ್ಟುಡಿಯೋಗೆ ಮಹಡಿ ಹತ್ತಬೇಕು, ನನ್ನದು ರಸ್ತೆಗೇ ಇದೆ, ಅಷ್ಟೇ. ಆದರೂ ಧಾರೆ ಎರೆಯುವಾಗ ನೀರಿನ ಎಳೆ ಕಡಿಯದಂತೆ ಹಿಡಿಯುವುದರಲ್ಲಿ, ಊಟದ ಪಂಕ್ತಿಯಲ್ಲಿ ಒಬ್ಬರನ್ನೂ ಬಿಡದೆ ಕ್ಯಾಮೆರಾ ತಿರುಗಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಊರಿಗೆಲ್ಲ ಹೇಳಿದವನು ನಾನೇ. ಹೀಗಿರುವಾಗ ಮಗಳು ಮೇಘನಾ ಬಂದು, "ಅಪ್ಪ, ನಮ್ಮ ಬ್ಯಾಂಡ್ ಹಾಡಿಗೆ ವಿಡಿಯೋ ಮಾಡ್ಕೊಡ್ತೀಯಾ?" ಎಂದಾಗ ನಾನು ಹೆದರಲಿಲ್ಲ. ಹೆದರಬೇಕಿತ್ತು!

ಮೇಘನಾ ಮತ್ತು ಅವಳ ಕಾಲೇಜಿನ ಗೆಳೆಯರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದಾರೆ. ಹಾಡು ಬರೆಯುವವಳೂ ಹಾಡುವವಳೂ ಇವಳೇ. ಊರಿನ ಒಂದು ದೊಡ್ಡ ವೇದಿಕೆಯಲ್ಲಿ ಹೊಸ ಬ್ಯಾಂಡುಗಳಿಗೆ ಹಾಡುವ ಅವಕಾಶವಿತ್ತು. ಅದಕ್ಕೆ ಸ್ವಂತ ಹಾಡಿನ ವಿಡಿಯೋವನ್ನು ಭಾನುವಾರ ಸಂಜೆಯೊಳಗೆ ಕಳಿಸಬೇಕು. ವಿಡಿಯೋ ಮಾಡಿಕೊಡುತ್ತೇನೆ ಎಂದಿದ್ದವನು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದ. ಬೇರೆ ಯಾರೂ ಸಿಗದೆ ಅವಳು ನನ್ನ ಹತ್ತಿರ ಬಂದಿದ್ದಳು. ಕಾರಣ ಏನೇ ಇರಲಿ, ಮಗಳು ಬಾಯಿಬಿಟ್ಟು ಕೇಳಿದ್ದಳು. ನನ್ನ ಕೆಲಸ ಏನೆಂದು ಅವಳಿಗೆ ತೋರಿಸಿಬಿಡಬೇಕು ಎಂದು ಎದೆ ಉಬ್ಬಿತು.

"ಹಾಡು ಯಾವುದರ ಮೇಲೆ?" ಎಂದು ಕೇಳಿದೆ.

"ಬಿಟ್ಟು ಹೋದೋರ ಮೇಲೆ."

"ಯಾರು ಬಿಟ್ಟು ಹೋದದ್ದು?"

"ಶೂಟಿಂಗ್ ದಿನ ಕೇಳಿಸ್ಕೋ ಅಪ್ಪ," ಎಂದು ಹೊರಟೇಹೋದಳು.

ಉಬ್ಬಿದ ಎದೆ ಅಲ್ಲೇ ಇಳಿಯಿತು. ನನ್ನ ಮಗಳನ್ನು ಯಾವನೋ ಬಿಟ್ಟು ಹೋಗಿದ್ದಾನೆ, ನನಗೆ ಗೊತ್ತೇ ಇಲ್ಲ! ಅನುಮಾನ ನೇರವಾಗಿ ಡ್ರಮ್ ಬಾರಿಸುವ ತೇಜಸ್ ಮೇಲೆ ಹೋಯಿತು. ಹೆಗಲವರೆಗೆ ಕೂದಲು, ಒಂದು ಕಿವಿಯಲ್ಲಿ ಓಲೆ. ಇದಕ್ಕಿಂತ ಸಾಕ್ಷಿ ಬೇಕೆ? ಹೆಂಡತಿ ಸುಧಾಳಿಗೆ ಪಿಸುಮಾತಿನಲ್ಲಿ ಹೇಳಿದೆ.

"ಅಯ್ಯೋ, ಸುಮ್ನಿರ್ರೀ," ಎಂದಳು ಅವಳು. "ಆ ಹುಡುಗ ದಿನಾ ಬಂದು ಒಂದು ಚೊಂಬು ಮಜ್ಜಿಗೆ ಕುಡ್ಕೊಂಡ್ ಹೋಗ್ತಾನೆ. ಬಿಟ್ಟು ಹೋಗೋನು ಹಿಂಗ್ ದಿನಾ ಬರ್ತಾನಾ?"

ಶನಿವಾರ ಅದೇ ತೇಜಸ್ ನನಗೆ ಪಾಠ ಹೇಳಲು ಬಂದ. ಈ ವಿಡಿಯೋಗೆ ಅವನೇ ನಿರ್ದೇಶಕನಂತೆ. ಫೋನಿನಲ್ಲಿ ಒಂದಾದ ಮೇಲೊಂದು ರಾಕ್ ವಿಡಿಯೋ ತೋರಿಸಿದ. ನಾನು ಕನ್ನಡಕ ಒರೆಸಿ ಒರೆಸಿ ನೋಡಿದೆ. ಒಂದರಲ್ಲಿ ಬಯಲಿನ ನಡುವೆ ಒಂದು ಕುರ್ಚಿ ಧಗಧಗ ಉರಿಯುತ್ತಿತ್ತು.

"ಕುರ್ಚಿ ಯಾಕಪ್ಪ ಸುಡ್ತಾರೆ?"

"ಅದು ಒಳಗಿನ ಕೋಪ ಅಂಕಲ್."

"ಕೋಪ ಬಂದ್ರೆ ಕುರ್ಚಿ ಏನ್ ಮಾಡಿತ್ತು?"

ಅವನು ತಾಳ್ಮೆಯ ಹುಡುಗ. ಮುಂದಿನದನ್ನು ಹಾಕಿದ. ಅದರಲ್ಲಿ ಹಾಡುವವನ ಅರ್ಧ ಮುಖ ಕತ್ತಲೆಯಲ್ಲಿತ್ತು. ಅದು ಹೇಳದೇ ಉಳಿದ ಮಾತಂತೆ. ನಾನು ಹಾಗೆ ತೆಗೆದರೆ ಬೀಗರು ಉಳಿದರ್ಧ ಮುಖ ಎಲ್ಲಿ ಎಂದು ಸ್ಟುಡಿಯೋಗೇ ಬರುತ್ತಾರೆ. ಇನ್ನೊಂದರಲ್ಲಿ ಬಣ್ಣವೇ ಇಲ್ಲ, ಎಲ್ಲವೂ ಬೂದಿ. ಅದು ದುಃಖವಂತೆ. ಮತ್ತೊಂದರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಬದಲಾಗುತ್ತಿತ್ತು. ಅದು ಸಿಟ್ಟಂತೆ. ನನಗೆ ಅದು ತಲೆಸುತ್ತು.

"ಮುಖ್ಯವಾದ್ದು ಇದು ನೋಡಿ ಅಂಕಲ್. ಕೊನೇ ಚರಣದಲ್ಲಿ ಕ್ಯಾಮೆರಾ ಕೈಯಲ್ಲೇ ಹಿಡ್ಕೊಂಡು ನಡುಗಿಸ್ಬೇಕು. ಮನಸ್ಸಿನ ತಳಮಳ ಅದ್ರಲ್ಲೇ ಗೊತ್ತಾಗೋದು."

ನಾನು ಅವನ ಮುಖವನ್ನೇ ನೋಡಿದೆ. ಕೈ ನಡುಗಬಾರದೆಂದು ಉಸಿರು ಬಿಗಿ ಹಿಡಿದು ಕಲಿತ ವಿದ್ಯೆ ನನ್ನದು. ಮಾಂಗಲ್ಯಧಾರಣೆಯ ಹೊತ್ತಿಗೆ ಸೀನು ಬಂದರೂ ನುಂಗಿದವನು ನಾನು. ಈಗ ಬೇಕೆಂದೇ ನಡುಗಿಸಬೇಕಂತೆ! ತಲೆಯಾಡಿಸಿದೆ. ಅರ್ಥವಾಗದಿದ್ದಾಗ ನಾನು ಯಾವಾಗಲೂ ಹಾಗೇ ತಲೆಯಾಡಿಸುತ್ತೇನೆ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ನಡುಮನೆಯಲ್ಲೇ ಶೂಟಿಂಗ್ ಎಂದು ಮೇಘನಾ ಹಟ ಹಿಡಿದಳು. ಬೆಟ್ಟದ ಮೇಲೆ ಒಳ್ಳೆಯ ನೋಟ ಸಿಗುತ್ತದೆ ಎಂದು ನಾನು ಹೇಳಿದರೂ ಕೇಳಲಿಲ್ಲ. ಕಿಟಕಿ ಮುಚ್ಚಿ ಕತ್ತಲು ಮಾಡಿದೆವು. ಹೊಗೆ ಬೇಕು ಎಂದ ತೇಜಸ್. ಹೊಗೆಯ ಯಂತ್ರ ಎಲ್ಲಿಂದ ತರುವುದು? ನಾನು ಧೂಪದ ಬಟ್ಟಲಿಗೆ ಕೆಂಡ ಹಾಕಿ ಎರಡು ಹಿಡಿ ಸಾಂಬ್ರಾಣಿ ಸುರಿದೆ. ಹೊಗೆ ಅದ್ಭುತವಾಗಿ ಬಂತು. ನಡುಮನೆ ತುಂಬಿ, ಬಾಗಿಲು ದಾಟಿ, ಬೀದಿಗೂ ಹೋಯಿತು. ಅದರ ಹಿಂದೆಯೇ ಪಕ್ಕದ ಮನೆಯ ನಾಗರತ್ನಮ್ಮ ಒಳಗೆ ಬಂದರು.

"ಏನ್ ಸುಧಾ, ಪೂಜೆ ಇಟ್ಕೊಂಡಿದ್ದೀಯ, ಒಂದ್ ಮಾತು ಹೇಳ್ಬಾರ್ದಾ?" ಎನ್ನುತ್ತಾ ಗೋಡೆಗೆ ಒರಗಿ ಕೂತೇಬಿಟ್ಟರು. ಅವರು ಬಂದದ್ದನ್ನು ನೋಡಿ ಎದುರು ಮನೆಯವರು, ಅವರನ್ನು ನೋಡಿ ಮೂಲೆ ಮನೆಯವರು. ಅಷ್ಟರಲ್ಲಿ ಹಾಡು ಶುರುವಾಗಿತ್ತು. ಮೇಘನಾ ಕಣ್ಣು ಮುಚ್ಚಿ ಹಾಡುತ್ತಿದ್ದಳು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಬಂದವರನ್ನು ಬಿಡಬಾರದು ಎಂಬ ವೃತ್ತಿಧರ್ಮ! ಕ್ಯಾಮೆರಾ ಮೆಲ್ಲಗೆ ತಿರುಗಿ ಗೋಡೆಯ ಸಾಲಿನಲ್ಲಿ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ತೋರಿಸಿತು. ಅವರೂ ಪದ್ಧತಿ ಬಲ್ಲವರು. ಕ್ಯಾಮೆರಾ ಬಂದಾಗ ಸೆರಗು ಸರಿಮಾಡಿಕೊಂಡು ನಕ್ಕರು.

"ಅಂಕಲ್, ಇದು ಒಂಟಿತನದ ಹಾಡು!" ಎಂದು ತೇಜಸ್ ಡ್ರಮ್ ನಿಲ್ಲಿಸಿದ.

"ಗೊತ್ತಪ್ಪ. ಆದ್ರೆ ಇವ್ರನ್ನ ಬಿಟ್ರೆ ಬೇಜಾರ್ ಮಾಡ್ಕೋತಾರೆ."

ಸುಧಾ ಎಲ್ಲರಿಗೂ ಸಜ್ಜಿಗೆ ಕೊಟ್ಟು ಸಾಗಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಮತ್ತೆ ಶುರು. ಈ ಸಲ ನಾನು ಅಭ್ಯಾಸಬಲದಿಂದ, "ಸ್ವಲ್ಪ ನಗು ಪುಟ್ಟಿ, ಕತ್ತು ಈ ಕಡೆ," ಎಂದುಬಿಟ್ಟೆ. ಮೇಘನಾ ಗಿಟಾರ್ ಕೆಳಗಿಟ್ಟು ನನ್ನನ್ನು ನೋಡಿದಳು. ಆ ನೋಟವನ್ನು ಕ್ಯಾಮೆರಾದಲ್ಲಿ ಹಿಡಿದಿದ್ದರೆ ಕೋಪಕ್ಕೆ ಕುರ್ಚಿ ಸುಡುವ ಅಗತ್ಯವಿರಲಿಲ್ಲ.

ಆಮೇಲೆ ಕೊನೆಯ ಚರಣ ಬಂತು. ಉಳಿದ ವಾದ್ಯಗಳೆಲ್ಲ ನಿಂತವು. ತೇಜಸ್ ಮಾತ್ರ ಕಡ್ಡಿಯ ತುದಿಯಿಂದ ಟಕ್, ಟಕ್ ಎಂದು ನಿಧಾನವಾಗಿ ಬಾರಿಸತೊಡಗಿದ. ಇದೇನಿದು, ಕೈ ಸೋತಿತೇ ಎಂದುಕೊಂಡೆ. ಆಗ ಮೇಘನಾ ಹಾಡಿದಳು:

ಕುಟ್ಟಾಣಿ ಇಲ್ಲೇ ಮೂಲೆಯಲ್ಲಿದೆ,
ಕುಟ್ಟುವ ಕೈ ಎಲ್ಲಿದೆ?

ನನ್ನ ಅಮ್ಮ! ಹೋದ ವರ್ಷ ತೀರಿಕೊಂಡ ನನ್ನ ಅಮ್ಮ. ಹಲ್ಲೆಲ್ಲ ಬಿದ್ದ ಮೇಲೆ ಇದೇ ನಡುಮನೆಯಲ್ಲಿ ಕೂತು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಟಕ್, ಟಕ್. ಬಿಟ್ಟು ಹೋದದ್ದು ಯಾವ ಹುಡುಗನೂ ಅಲ್ಲ. ಮೊಮ್ಮಗಳು ಅಜ್ಜಿಯನ್ನು ಹಾಡುತ್ತಿದ್ದಳು. ಅಮ್ಮ ಹೋದ ದಿನ ಬಂದವರಿಗೆಲ್ಲ ಕುರ್ಚಿ ಹಾಕುತ್ತಾ ಓಡಾಡಿದ್ದ ನನಗೆ ಆವತ್ತು ಅಳು ಬಂದಿರಲಿಲ್ಲ. ಈಗ ಬಂತು. ಕಣ್ಣು ಮಂಜಾಯಿತು, ಕೈ ಗಡಗಡ ನಡುಗಿತು. ಕ್ಯಾಮೆರಾ ಬೀಳದಿದ್ದದ್ದೇ ಪುಣ್ಯ.

ಹಾಡು ಮುಗಿದ ಮೇಲೆ ಎಲ್ಲರೂ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದರು. ತೇಜಸ್ ಬಾಯಿ ತೆರೆದ. "ಅಂಕಲ್! ಹೆಂಗ್ ಮಾಡಿದ್ರಿ ಇದನ್ನ?"

"ಅನುಭವ," ಎಂದೆ.

ಮೇಘನಾ ಮಾತ್ರ ನನ್ನ ಮುಖ ನೋಡಿದಳು. "ಅಪ್ಪ, ಇದೇ ಬೇಕಿದ್ದಿದ್ದು ನಂಗೆ," ಎಂದು ನನ್ನ ತೋಳು ಹಿಡಿದುಕೊಂಡಳು. ಆ ಕ್ಷಣದಲ್ಲಿ ನನ್ನಷ್ಟು ಸುಖಿ ಮೈಸೂರಿನಲ್ಲಿ ಇನ್ನೊಬ್ಬನಿರಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಈ ಬರಹಕ್ಕೆ ಕೆಲಸವಿರುತ್ತಿರಲಿಲ್ಲ.

ಅವರೆಲ್ಲ ಊಟಕ್ಕೆ ಕೂತರು. ನಾನು ಸ್ಟುಡಿಯೋಗೆ ಹೋಗಿ ವಿಡಿಯೋ ಜೋಡಣೆಗೆ ಕೂತೆ. ಅಮ್ಮನ ಹಾಡು. ನನ್ನ ಜೀವಮಾನದ ಅತ್ಯುತ್ತಮ ಕೆಲಸವಾಗಬೇಕು. ಶ್ರದ್ಧೆಯಿಂದ ನೋಡಿದೆ. ಎಲ್ಲ ಚೆನ್ನಾಗಿತ್ತು, ಕೊನೆಯಲ್ಲಿ ಮಾತ್ರ ವಿಪರೀತ ನಡುಕ! ನೋಡಿದವರು ಏನಂದಾರು? ಇವನಿಗೆ ವಯಸ್ಸಾಯಿತು, ಕೈ ನಿಲ್ಲುವುದಿಲ್ಲ ಎನ್ನುವುದಿಲ್ಲವೇ? ಕಂಪ್ಯೂಟರಿನಲ್ಲಿ ನಡುಕ ತೆಗೆಯುವ ಒಂದು ಗುಂಡಿಯಿದೆ. ಒತ್ತಿದೆ. ಚಿತ್ರ ಕಂಬದ ಹಾಗೆ ನಿಂತಿತು. ಮಗಳ ಮುಖ ಕಪ್ಪಾಗಿದೆಯೆಂದು ಮದುಮಗಳಿಗೆ ಹಾಕುವ ಹೊಳಪು ಹಾಕಿದೆ. ಕಂಪ್ಯೂಟರಿನ ತುಂಬಾ ಊರವರ ಮದುವೆಗಳೇ ಇರುವುದರಿಂದ, ಕೆಲಸ ಮುಗಿದ ತಕ್ಷಣ ಮೂಲವನ್ನು ಅಳಿಸಿ, ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡುವುದು ನನ್ನ ಶಿಸ್ತು. ಶಿಸ್ತು ಆವತ್ತೂ ತಪ್ಪಲಿಲ್ಲ!

ಮೇಘನಾ ಬಂದು ನೋಡಿದಳು. ಕೊನೆಯ ಚರಣಕ್ಕೆ ಬಂದಾಗ ಅವಳ ಮುಖದ ಬಣ್ಣ ಹೋಯಿತು.

"ನಡುಕ ಎಲ್ಲಪ್ಪ?"

"ತೆಗೆದುಬುಟ್ಟೆ ಕಣಮ್ಮ. ಈಗ ಎಷ್ಟು ನೀಟಾಗಿದೆ ನೋಡು."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅದ್ರಲ್ಲಿ ನೀನಿದ್ದೆ ಅಪ್ಪ," ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ಎರಡು ದಿನ ಪಾಠ ಕೇಳಿಯೂ ಅರ್ಥವಾಗದ್ದು ಆಗ ಅರ್ಥವಾಯಿತು, ಕಾರ್ಡು ಖಾಲಿಯಾದ ಮೇಲೆ.

ಕಳಿಸಲು ಇನ್ನೂ ಸ್ವಲ್ಪ ಹೊತ್ತಿತ್ತು. ನಡುಮನೆಗೆ ವಾಪಸು ಬಂದೆವು; ಕೊನೆಯ ಚರಣವನ್ನು ಮತ್ತೆ ತೆಗೆಯೋಣ ಎಂದ ತೇಜಸ್. ಅವಳು ಹಾಡಿದಳು. ನಾನು ಕ್ಯಾಮೆರಾ ಹಿಡಿದೆ. ಕೈ ನಡುಗಲೇ ಇಲ್ಲ! ಅಮ್ಮನನ್ನು ನೆನೆಯಲು ಹೋದರೆ ಬ್ಯಾಟರಿ ಎಷ್ಟಿದೆ ಎಂಬ ಚಿಂತೆ ಬರುತ್ತಿತ್ತು. ಬೇಕೆಂದೇ ಅಲ್ಲಾಡಿಸಿದರೆ ಜಟಕಾದಲ್ಲಿ ಕೂತು ತೆಗೆದಂತೆ ಕಂಡಿತು.

"ಅಂಕಲ್, ಸ್ವಲ್ಪ ದುಃಖ ಪಡಿ ಅಂಕಲ್, ಟೈಮ್ ಆಗ್ತಿದೆ," ಎಂದು ಬೇಡಿಕೊಂಡ ತೇಜಸ್.

ಅಡುಗೆಮನೆಯಿಂದ ಸುಧಾ ಸೆರಗಿಗೆ ಕೈ ಒರೆಸುತ್ತಾ ಬಂದಳು. "ಸಾಕು ಬುಡಿ, ನಿಮ್ಮ ಕೈಲಾಗಲ್ಲ. ನೀವು ಹಿಡ್ಕೊಳಿ, ನಾನ್ ಅಲ್ಲಾಡಿಸ್ತೀನಿ," ಎಂದು ಹಿಂದೆ ನಿಂತು ನನ್ನ ಮೊಣಕೈ ಹಿಡಿದುಕೊಂಡಳು.

ಆ ಕುಟ್ಟಾಣಿಯ ಸದ್ದಿಗೆ ಅತ್ತೆಯೊಡನೆ ದಿನಾ ಜಗಳವಾಡುತ್ತಿದ್ದವಳು ಇವಳು. ಸೀರಿಯಲ್ ಕೇಳಿಸುವುದಿಲ್ಲ ಎಂಬುದು ಇವಳ ದೂರು. ಬೇಕೆಂದೇ ಜೋರಾಗಿ ಕುಟ್ಟುವುದು ಅಮ್ಮನ ಉತ್ತರ. ಟಕ್, ಟಕ್ ಶುರುವಾಯಿತು. ಮೊದಲು ಸುಧಾ ಮೊಸರು ಕಡೆಯುವವಳಂತೆ ನನ್ನ ಕೈಯನ್ನು ಅಲ್ಲಾಡಿಸಿದಳು. ಮೇಘನಾ ಕುಟ್ಟುವ ಕೈಯ ಸಾಲಿಗೆ ಬಂದಳು. ಅಲ್ಲಾಡಿಸುವುದು ನಿಂತಿತು. ಬೈಯೋಣವೆಂದುಕೊಂಡೆ. ಅಷ್ಟರಲ್ಲಿ ಸುಧಾಳ ಬೆರಳುಗಳು ತಾವಾಗಿಯೇ ನಡುಗತೊಡಗಿದವು, ನನ್ನ ಮೊಣಕೈ ನಡುಗಿತು, ಕ್ಯಾಮೆರಾ ನಡುಗಿತು. ಬೆನ್ನಿಗೆ ಅವಳ ಬಿಕ್ಕು ತಾಗುತ್ತಿತ್ತು. ನಾನು ತಿರುಗಿ ನೋಡಲಿಲ್ಲ.

ಈ ಸಲ ಕಾರ್ಡನ್ನು ಮೇಘನಾಳೇ ತೆಗೆದುಕೊಂಡು, ನನ್ನನ್ನು ನನ್ನದೇ ಸ್ಟುಡಿಯೋದಿಂದ ಹೊರಗೆ ಹಾಕಿ, ಬಾಗಿಲು ಹಾಕಿಕೊಂಡು ಜೋಡಿಸಿ ಕಳಿಸಿದಳು. ಅವರಿಗೆ ವೇದಿಕೆ ಸಿಕ್ಕಿತು. ಕೊನೆಯ ದೃಶ್ಯದ ಕ್ಯಾಮೆರಾ ಕೆಲಸ ಮನಸ್ಸಿಗೆ ತಾಗಿತೆಂದು ಆಯ್ಕೆ ಮಾಡಿದವರು ಹೇಳಿದರಂತೆ. ನಾನು ಬೀದಿಯಲ್ಲಿ ಕಂಡವರಿಗೆಲ್ಲ ವಿಡಿಯೋ ತೋರಿಸುತ್ತಾ, ಕೈಯಲ್ಲಿ ಹಿಡಿದು ತೆಗೆಯುವುದರ ಸೂಕ್ಷ್ಮಗಳನ್ನು ವಿವರಿಸತೊಡಗಿದೆ. ನಾಗರತ್ನಮ್ಮನವರು ಮಾತ್ರ ವಿಡಿಯೋವನ್ನು ಪೂರ್ತಿ ನೋಡಿ, ಕೊನೆಯಲ್ಲಿ ಬರುವ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಅದುವರೆಗೆ ನಾನು ಅದನ್ನು ಗಮನಿಸಿರಲೇ ಇಲ್ಲ.

"ಕ್ಯಾಮೆರಾ: ಅಪ್ಪ. ನಡುಕ: ಅಮ್ಮ."

ಅಮ್ಮ ಎಂಬುದು ಸ್ವಲ್ಪ ದೊಡ್ಡ ಅಕ್ಷರದಲ್ಲಿತ್ತು.